ಕುಕ್ಕರ್ ಕೂಗು ಕೇಳಿಸಬೇಕು

ನಮ್ಮ ಎರಡನೆಯ ಆಲ್ಬಂ ಹೊರಬಂದಾಗ ಕೇಳಿದವರೆಲ್ಲ ಒಂದೇ ಮಾತು ಹೇಳಿದರು. ಹುಡುಗರು ಮಾಗಿದ್ದಾರೆ. ಹುಡುಗರು ಎಂದರೆ ನಾವು ನಾಲ್ವರು; ಎಲ್ಲರಿಗೂ ಮೂವತ್ತು ದಾಟಿತ್ತು, ಒಬ್ಬನಿಗೆ ಸೊಂಟನೋವು ಶುರುವಾಗಿತ್ತು. ಮೊದಲ ಆಲ್ಬಮ್ಮಿನ ಅಬ್ಬರ ಇಲ್ಲಿ ಧ್ಯಾನವಾಗಿದೆ, ಮೌನವೂ ಒಂದು ವಾದ್ಯವಾಗಿದೆ, ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗವೇ ಮಾತಾಡುತ್ತದೆ ಎಂದೆಲ್ಲ ಬರೆದರು. ಆ ಪೆಟ್ಟುಗಳು ನನ್ನವು. ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವನು ನಾನು. ಓದಿ ಹೆಮ್ಮೆಯಾಗಿ ಹೆಂಡತಿಗೂ ಜೋರಾಗಿ ಓದಿ ಹೇಳಿದೆ.

ಈ ಪ್ರಬುದ್ಧತೆಗೆ ಕಾರಣರಾದ ಮನುಷ್ಯ ಹೋದ ತಿಂಗಳು ತೀರಿಕೊಂಡರು. ಅವರಿಗೆ ಸಂಗೀತ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಗೋವಿಂದರಾಜನಗರದಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಪ್ರಾಕ್ಟೀಸ್ ರೂಮಿಗೆ ಅವರು ಓನರ್, ಅಷ್ಟೇ. ಆಲ್ಬಮ್ಮಿನಲ್ಲಿ ನಾವು ಯಾರ ಯಾರಿಗೋ ಕೃತಜ್ಞತೆ ಹೇಳಿದ್ದೇವೆ. ಪವನ ಒಂದು ಬೆಟ್ಟಕ್ಕೂ ಹೇಳಿದ್ದಾನೆ. ಇವರ ಹೆಸರು ಮಾತ್ರ ಅಲ್ಲಿಲ್ಲ. ಇಲ್ಲೂ ಹೇಳುವುದಿಲ್ಲ, ಯಾಕೆಂದರೆ ನಾವು ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಎದುರಿಗೆ 'ಸಾರ್', ಹಿಂದಿನಿಂದ 'ಓನರ್ರು'.

ನಮ್ಮ ಬ್ಯಾಂಡಿನ ಹೆಸರು ಗಡಚಿಕ್ಕು. ಮುಂದೆ ಇರಬೇಕಾದ ಕಿವಿಯನ್ನು ಬೇಕೆಂದೇ ಬಿಟ್ಟಿದ್ದೆವು, ಅದನ್ನು ಕೇಳುಗರೇ ತರಲಿ ಎಂದು. ಪವನ ಹಾಡುತ್ತಿದ್ದ, ಅಂದರೆ ಕಿರುಚುತ್ತಿದ್ದ. ಗಿಟಾರಿನ ಮಲ್ಲು ಬಾಗಲಕೋಟೆಯ ಕಡೆಯವನು. ಬೈಕಿನ ಮೇಲೆ ಊಟ ತಲುಪಿಸುವ ಕೆಲಸಕ್ಕೆಂದು ಬಂದವನು ನಮ್ಮ ಕೈಗೆ ಸಿಕ್ಕಿಬಿದ್ದ. ಬೇಸ್ ಗಿಟಾರ್ ಬಾರಿಸುವವನು ಮಾತಾಡುವುದು ಕಡಿಮೆ, ಹಾಗಾಗಿ ಇಲ್ಲೂ ಅವನು ಬಾಯಿ ಬಿಡುವುದಿಲ್ಲ. ಮೊದಲ ಆಲ್ಬಮ್ಮಿನ ಮುಖಪುಟದ ತುಂಬ ಬೆಂಕಿ ಇತ್ತು. ಅದರಲ್ಲಿ ಪವನ ಕಿರುಚದೆ ಇರುವುದು ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಮಾತ್ರ.

ಇಂಥವರಿಗೆ ರೂಮು ಯಾರು ಕೊಡುತ್ತಾರೆ? ಆರ್‌ಪಿಸಿ ಲೇಔಟಿನಲ್ಲಿ ಎದುರುಮನೆಯ ಆಂಟಿ ತಮ್ಮ ಮಿಕ್ಸಿ ಓಡುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲವೆಂದು ದೂರು ಕೊಟ್ಟು ಬಿಡಿಸಿದರು. ಬಸವೇಶ್ವರನಗರದ ಗ್ಯಾರೇಜಿನಲ್ಲಿ ಓನರ ನಾಯಿ ಅನ್ನ ಬಿಟ್ಟು, ಕೊನೆಗೆ ಮನೆಯನ್ನೂ ಬಿಟ್ಟು ಪಕ್ಕದ ರಸ್ತೆಗೆ ಸೇರಿಕೊಂಡಿತು. ವಿಜಯನಗರದಲ್ಲಿ ಅಡ್ವಾನ್ಸ್ ಕೊಟ್ಟ ವಾರದಲ್ಲೇ ವಾಪಸು ಸಿಕ್ಕಿತು. ಗೋವಿಂದರಾಜನಗರದ ರೂಮು ಸಿಗುವ ಹೊತ್ತಿಗೆ ನಾವು ಮಾತಾಡಿಕೊಂಡಾಗಿತ್ತು: ಇದೂ ಹೋದರೆ ಬ್ಯಾಂಡ್ ಮುಚ್ಚುವುದು, ಎರಡನೆಯ ಆಲ್ಬಮ್ಮಿನ ಆಸೆ ಬಿಡುವುದು, ಡ್ರಮ್ಸ್ ಮಾರುವುದು. ನಮ್ಮ ಮನೆಯವರು ಈ ತೀರ್ಮಾನವನ್ನು ಸಂತೋಷದಿಂದ ಒಪ್ಪಿದ್ದರು.

ರೂಮು ತೋರಿಸುವಾಗ ಓನರ್ ಕೇಳಿದ್ದು ಒಂದೇ ಪ್ರಶ್ನೆ.

"ಏನ್ ಮಾಡ್ಕಂಡಿದೀರಪ್ಪಾ?"

"ಮ್ಯೂಸಿಕ್ ಸಾರ್," ಎಂದ ಪವನ.

"ದೇವರ ನಾಮಾನಾ?"

"ಅದೂ ಇರುತ್ತೆ ಸಾರ್."

ಅವನ ಜೀವಮಾನದ ದೊಡ್ಡ ಸುಳ್ಳು ಅದು. ಮೊದಲ ದಿನ ಓನರ್ ಸ್ನಾನ ಮಾಡಿ, ಹಣೆಗೆ ಇಟ್ಟುಕೊಂಡು, ಊದಿನಕಡ್ಡಿ ಹಚ್ಚಿಕೊಂಡು ಕೆಳಗೆ ಬಂದರು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೈಮುಗಿದು ಕೂತರು. ಬೇರೆ ದಾರಿಯಿಲ್ಲದೆ ನಾವು ನಮ್ಮ ಮೊದಲ ಆಲ್ಬಮ್ಮಿನ ಮೊದಲ ಹಾಡು ಬಾರಿಸಿದೆವು. ಮುಗಿಯುವವರೆಗೂ ಅವರು ಮುಗಿದ ಕೈ ಇಳಿಸಲಿಲ್ಲ. ಊದಿನಕಡ್ಡಿಯ ಬೂದಿ ಒಂದೇ ಏಟಿಗೆ ಉದುರಿಹೋಗಿತ್ತು. ಆಮೇಲೆ ಎದ್ದು, "ಇದ್ಯಾವ ದೇವ್ರಪ್ಪಾ, ಇಷ್ಟು ದೂರ ಇರೋದು?" ಎಂದು ಕೇಳಿ ಮೇಲೆ ಹೋದರು.

ಅವತ್ತೇ ಗಂಟುಮೂಟೆ ಕಟ್ಟಲು ಹೇಳುತ್ತಾರೆ ಎಂದುಕೊಂಡಿದ್ದೆವು. ಹೇಳಲಿಲ್ಲ. ಸಂಜೆ ಇಳಿದು ಬಂದು ಬಾಗಿಲಲ್ಲಿ ನಿಂತರು. ಬನಿಯನ್ನು, ಮಂಡಿಯವರೆಗೆ ಎತ್ತಿ ಕಟ್ಟಿದ ಪಂಚೆ, ಅದರ ಕೆಳಗೆ ಇಣುಕುವ ಪಟ್ಟಾಪಟ್ಟಿ ಚಡ್ಡಿ, ಹೆಗಲಿಗೊಂದು ಟವಲು. ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ಕೆಳಗೆ ಮಾಡಿ, ಗಾಳಿಯನ್ನು ಮೆಲ್ಲಗೆ ಕೆಳಗೆ ಅದುಮಿದರು. ಮತ್ತೆ ಅದುಮಿದರು. ಮಾತಿಲ್ಲ. ನಾವು ಕಮ್ಮಿ ಮಾಡಿದೆವು. ಅವರು ತಲೆಯಾಡಿಸಿ ಹೋದರು. ಮುಂದಿನ ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ನೋಡಿದ ಅಂಗೈ ಅದು.

ಕಟ್ಟಡ ನಾಲ್ಕಂತಸ್ತಿನದು. ನಮ್ಮ ರೂಮು ನೆಲಮಟ್ಟದಲ್ಲಿತ್ತು. ಅವರ ಅಪ್ಪನ ಕಾಲದಲ್ಲಿ ದನದ ಕೊಟ್ಟಿಗೆ, ಆಮೇಲೆ ಪ್ಲೈವುಡ್ ಅಂಗಡಿ, ಆಮೇಲೆ ನಾವು. ಈ ಇಳಿಕೆಯನ್ನು ಅವರು ಯಾರು ಬಂದರೂ ಹೇಳುತ್ತಿದ್ದರು. ಮೊದಲ ಮಹಡಿಯಲ್ಲಿ ಅವರು, ಎರಡನೆಯದರಲ್ಲಿ ದೊಡ್ಡ ಮಗನ ಸಂಸಾರ, ಮೂರನೆಯದರಲ್ಲಿ ಚಿಕ್ಕ ಮಗನದು. ಹೆಂಡತಿ ತೀರಿಕೊಂಡ ಮೇಲೆ ಒಬ್ಬ ಸೊಸೆಯ ಮನೆಯಲ್ಲಿ ಉಂಡರೆ ಇನ್ನೊಬ್ಬಳು ಎರಡು ದಿನ ಮಾತು ಬಿಡುತ್ತಿದ್ದಳಂತೆ. ಹಾಗಾಗಿ ತಟಸ್ಥ ನೀತಿ ತಾಳಿ ತಾವೇ ಕುಕ್ಕರ್ ಇಡುತ್ತಿದ್ದರು. ಮೇಲಿನಿಂದ ಎರಡೂ ಮನೆಯವರು ಬಟ್ಟಲಲ್ಲಿ ಪಲ್ಯ ಕಳಿಸಿದರೆ ಎರಡರಿಂದಲೂ ಸಮಸಮ ತಿನ್ನುತ್ತಿದ್ದರು.

ನಮ್ಮ ಸಂಗೀತದ ದಿಕ್ಕು ಬದಲಾದದ್ದು ಆ ಕುಕ್ಕರಿನಿಂದ. ಒಂದು ಮಧ್ಯಾಹ್ನ ಅವರು ಬಿಸಿ ಕುಕ್ಕರನ್ನು ಟವಲಿನಲ್ಲಿ ಹಿಡಿದುಕೊಂಡೇ ಕೆಳಗೆ ಬಂದು ನನ್ನ ಡ್ರಮ್ಮಿನ ಮೇಲೆ ಇಟ್ಟು ಮುಚ್ಚಳ ತೆಗೆದರು. ಒಳಗೆ ಅಕ್ಕಿಯೋ ಅಂಟೋ ತಿಳಿಯದ ಒಂದು ಪದಾರ್ಥವಿತ್ತು.

"ಮೂರು ಕೂಗಿಗೆ ಇಳಿಸ್ಬೇಕು. ನಿಮ್ ಗಲಾಟೇಲಿ ಎಷ್ಟು ಕೂಗ್ತೋ ಗೊತ್ತಾಗ್ಲಿಲ್ಲ. ಇದು ನಿಮ್ ಹಾಡು ಕಣ್ರಪ್ಪಾ. ತಿನ್ನಿ."

ತಿಂದೆವು. ಉಪ್ಪಿನಕಾಯಿಯನ್ನೂ ಅವರೇ ತಂದಿದ್ದರು. ನಾವು ಉಣ್ಣುವುದನ್ನು ನಿಂತು ನೋಡಿ, ಕಂಡೀಷನ್ ಹೇಳಿದರು: "ನೀವು ಏನಾದ್ರೂ ಬಾರಿಸ್ಕಳಿ. ನನ್ ಕುಕ್ಕರ್ ಕೂಗು ನಂಗೆ ಕೇಳಿಸ್ಬೇಕು. ಕೇಳಿಸ್ಲಿಲ್ವಾ, ಅವತ್ತೇ ಖಾಲಿ ಮಾಡಿ."

ಅಲ್ಲಿಂದ ಶುರುವಾಯಿತು ನಮ್ಮ ಎರಡನೆಯ ಘಟ್ಟ. ನಾನು ಕೋಲು ಬಿಟ್ಟು ತಂತಿಯ ಬ್ರಷ್ ಹಿಡಿದೆ. ಅದೂ ಸಾಲದಾಗ ಓನರ್ ತಮ್ಮದೇ ಹಳೆಯ ರಜಾಯಿ ತಂದು ಕೊಟ್ಟು, "ಅದ್ರ ಹೊಟ್ಟೆಗೆ ತುರುಕಿ" ಎಂದರು. ನನ್ನ ದೊಡ್ಡ ಡ್ರಮ್ಮಿನ ಹೊಟ್ಟೆಗೆ ರಜಾಯಿ ಸೇರಿ, ಢಮಾರ್ ಎನ್ನುತ್ತಿದ್ದದ್ದು ದುಬ್ ಎನ್ನತೊಡಗಿತು. ಆಲ್ಬಂ ಬಂದ ಮೇಲೆ ಇದನ್ನು ಹೃದಯದ ಬಡಿತ ಎಂದು ಬರೆದವರಿದ್ದಾರೆ. ಮಲ್ಲು ತನ್ನ ಗಿಟಾರಿನ ಗರ್ಜನೆಯ ಪೆಡಲನ್ನು ತೆಗೆದು ಚೀಲಕ್ಕೆ ಹಾಕಿದ. "ಹುಲಿ ಹಿಡ್ಕೊಂಡ ಬಂದೆ, ಇಲ್ಲೆ ಬೆಕ್ಕು ಸಾಕಾಕ್ಹತ್ತೇನಿ," ಎಂದು ಅವತ್ತಿಡೀ ಗೊಣಗಿದ. ಪವನನದು ಎಲ್ಲರಿಗಿಂತ ಕಷ್ಟ. ಕಿರುಚುವುದನ್ನು ಬಿಟ್ಟರೆ ಅವನ ಬಳಿ ಬೇರೆ ಬಂಡವಾಳವಿರಲಿಲ್ಲ.

ಕಿರುಚುವುದು ನಿಂತದ್ದೇ ಇನ್ನೊಂದು ಅನಾಹುತವಾಯಿತು. ಹಾಡಿನ ಮಾತುಗಳು ಕೇಳಿಸತೊಡಗಿದವು. ಹತ್ತು ವರ್ಷ ಬ್ಯಾಂಡಿನಲ್ಲಿದ್ದ ನಾನೇ ಕೆಲವನ್ನು ಮೊದಲ ಸಲ ಕೇಳಿಸಿಕೊಂಡೆ. ಓನರ್ ಒಂದು ದಿನ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತ ಕೇಳಿಸಿಕೊಂಡು, ಪವನನನ್ನು ಕರೆದರು.

"ಅದೇನೋ 'ರಕ್ತದ ಮಡುವಲಿ ಉರಿಯುವೆ ನಾನು' ಅಂದ್ಯಲ್ಲಪ್ಪಾ, ಹಂಗಂದ್ರೇನು?"

"ಅದು... ಒಂಥರಾ ಫೀಲಿಂಗ್ ಸಾರ್."

"ಮನೇಲಿ ಏನಾದ್ರೂ ತೊಂದ್ರೆನಾ?"

"ಇಲ್ಲ ಸಾರ್."

"ಅಪ್ಪ ಅಮ್ಮ ಚೆನ್ನಾಗವ್ರಾ? ಕೆಲ್ಸ ಐತಾ?"

"ಇದೆ ಸಾರ್. ಬ್ಯಾಂಕಲ್ಲಿ."

"ಮತ್ಯಾಕಪ್ಪಾ ಮಡುವಲ್ಲಿ ಉರೀತಿದೀಯಾ?"

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಆತಂಕವಿತ್ತು. ಅದಕ್ಕೇ ಪವನನಿಗೆ ತಡೆಯಲಾಗಲಿಲ್ಲ. ಆ ರಾತ್ರಿ ಫೋನ್ ಮಾಡಿ, "ಮಗಾ, ಲಿರಿಕ್ಸ್ ಎಲ್ಲಾ ಚೇಂಜ್ ಮಾಡ್ತೀನಿ ಕಣೋ. ಆ ಯಪ್ಪಂಗೆ ಅರ್ಥ ಹೇಳೋಕಾಗಲ್ಲ," ಎಂದ. ಹೊಸ ಹಾಡುಗಳಲ್ಲಿ ಅವನು ಬ್ಯಾಂಕಿನ ಕ್ಯೂ ಬಗ್ಗೆ ಬರೆದ, ಮೆಟ್ರೋದಲ್ಲಿ ನಿಂತು ನಿದ್ದೆ ಮಾಡುವವರ ಬಗ್ಗೆ ಬರೆದ, ತೀರಿಕೊಂಡ ತನ್ನ ಅಜ್ಜಿಯ ಕನ್ನಡಕದ ಬಗ್ಗೆ ಬರೆದ. ಓನರ್ ಮೆಟ್ಟಿಲ ಮೇಲೆ ಕೂತು ಯಾವುದಕ್ಕೂ ಪ್ರಶ್ನೆ ಹಾಕದಿದ್ದರೆ ಆ ಹಾಡು ಪಾಸು. ಅಜ್ಜಿಯ ಹಾಡಿಗೆ ಅವರು ನಾರು ತೆಗೆಯುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದೆ.

ನಮಗೆ ನಿಧಾನವಾಗಿ ಆ ಅಂಗೈ ಅಭ್ಯಾಸವಾಯಿತು. ನಮ್ಮ ನಮ್ಮಲ್ಲೇ ಅದನ್ನು ಬಳಸತೊಡಗಿದೆವು. ಹಾಡಿನ ನಡುವೆ ಪವನ ನನ್ನ ಕಡೆ ತಿರುಗಿ ಗಾಳಿ ಅದುಮಿದರೆ ನಾನು ಬ್ರಷ್ಷಿನ ತುದಿಯಲ್ಲಿ ಬಾರಿಸಬೇಕು. ಅದಕ್ಕೆ 'ಓನರ್ ಹಾಕು' ಎನ್ನುತ್ತಿದ್ದೆವು. "ಎರಡನೇ ಸಾಲಿಗೆ ಓನರ್ ಹಾಕು ಗುರು," ಎಂದರೆ ನಾಲ್ವರಿಗೂ ತಿಳಿಯುತ್ತಿತ್ತು. ಆ ಸನ್ನೆಯ ಮೂಲಪುರುಷರಿಗೆ ಇದು ಗೊತ್ತಿರಲಿಲ್ಲ. ಅವರು ಎಂದಿನಂತೆ ಬಂದು ಅದುಮಿ ಹೋಗುತ್ತಿದ್ದರು.

ಒಮ್ಮೆ ಅವರು ಕೆಂಗೇರಿಯ ಮಗಳ ಮನೆಗೆ ಒಂದು ವಾರ ಹೋದರು. ಬೀಗ ಬಿದ್ದ ಮೊದಲ ಮಹಡಿ ನೋಡಿ ನಾವು ಕುಣಿದಾಡಿದೆವು. ನಾನು ರಜಾಯಿ ಕಿತ್ತು ಹೊರಗೆ ಹಾಕಿದೆ, ಮಲ್ಲು ಹುಲಿಯನ್ನು ಚೀಲದಿಂದ ತೆಗೆದ. ಹಳೆಯ ಹಾಡೊಂದನ್ನು ಹಳೆಯ ಹಾಗೆ ಶುರು ಮಾಡಿದೆವು. ಅರ್ಧಕ್ಕೆ ಪವನ ನಿಂತ. ಅವನು ಬಾಗಿಲ ಕಡೆ ನೋಡುತ್ತಿದ್ದ. ನಾನೂ ಅದನ್ನೇ ಮಾಡುತ್ತಿದ್ದೆ.

"ಯಾರರ ಬಂದು ಬೈಲಿಲ್ಲಂದ್ರ ಮಜಾ ಬರಂಗಿಲ್ಲೋ," ಎಂದ ಮಲ್ಲು. ರಜಾಯಿಯನ್ನು ಮತ್ತೆ ಒಳಗೆ ತುರುಕಿ, ಟೀ ಕುಡಿಯಲು ಹೋದೆವು.

ರೆಕಾರ್ಡಿಂಗಿಗೆ ದೊಡ್ಡ ಸ್ಟುಡಿಯೋ ಹಿಡಿಯುವ ಶಕ್ತಿ ಇರಲಿಲ್ಲ. ಆ ಕೊಟ್ಟಿಗೆಯಲ್ಲೇ ಮೈಕ್ ಇಟ್ಟು ಮಾಡಿದೆವು. ಅಜ್ಜಿಯ ಕನ್ನಡಕದ ಹಾಡಿನ ಕೊನೆಯಲ್ಲಿ, ಪವನ ಕೊನೆಯ ಸಾಲು ಬಿಟ್ಟು ಉಸಿರು ತೆಗೆದುಕೊಂಡಾಗ, ಮೇಲಿನಿಂದ ಕುಕ್ಕರ್ ಕೂಗಿತು. ಉದ್ದವಾಗಿ, ಅಚ್ಚುಕಟ್ಟಾಗಿ. ಅವತ್ತು ಅದಕ್ಕಿಂತ ಚೆನ್ನಾಗಿ ಪವನ ಮತ್ತೆ ಹಾಡಲಿಲ್ಲ, ಹಾಗಾಗಿ ಕುಕ್ಕರನ್ನೂ ಸೇರಿಸಿಯೇ ಬಿಟ್ಟೆವು.

ಆ ಕೂಗಿನ ಮೇಲೆ ಆದ ಚರ್ಚೆ ನಮ್ಮ ಉಳಿದೆಲ್ಲ ಹಾಡುಗಳ ಮೇಲೆ ಆಗಿಲ್ಲ. ದೂರದ ರೈಲು, ಬಿಟ್ಟುಹೋದ ಊರಿನ ಕರೆ ಎಂದರು ಒಬ್ಬರು. ಮುಚ್ಚಿಹೋದ ಗಿರಣಿಯ ಸೈರನ್, ಕಾರ್ಮಿಕರ ಆರ್ತನಾದ ಎಂದರು ಇನ್ನೊಬ್ಬರು. ಒಂದು ಪಾಡ್‌ಕಾಸ್ಟಿನಲ್ಲಿ ದಪ್ಪ ಕನ್ನಡಕದ ಹುಡುಗನೊಬ್ಬ ಇದನ್ನು ನೇರವಾಗಿ ಕೇಳಿಯೇಬಿಟ್ಟ. ಪವನ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ತಡೆದು, ಕೆಲವನ್ನು ವಿವರಿಸಿದರೆ ಅವು ಸಾಯುತ್ತವೆ ಎಂದ. ಅದೇ ಕಾಲಕ್ಕೆ ಅವನು ಈ ಮೌನ ತನಗೆ ಹಿಮಾಲಯದಲ್ಲಿ ಸಿಕ್ಕಿತೆಂದೂ ಹೇಳತೊಡಗಿದ್ದ. ನನಗೆ ಗೊತ್ತಿರುವಂತೆ ಆ ವರ್ಷ ಅವನು ಹತ್ತಿದ್ದು ಓನರ ಮನೆಯ ಮೆಟ್ಟಿಲು, ಅದೂ ಬಾಡಿಗೆ ಕೊಡಲು.

ಓನರಿಗೆ ಆಲ್ಬಂ ಕೇಳಿಸಬೇಕೆಂದು ಹೋದದ್ದೂ ಒಂದು ಬಾಡಿಗೆಯ ದಿನವೇ. ಫೋನನ್ನು ಸ್ಟೀಲ್ ಲೋಟದೊಳಗೆ ಇಟ್ಟು ಹಾಡು ಹಚ್ಚಿದೆವು. ಎಲ್ಲವನ್ನೂ ಕೇಳಿದರು. ಅಜ್ಜಿಯ ಹಾಡಿನ ಕೊನೆಗೆ ತಟ್ಟನೆ ನೆಟ್ಟಗೆ ಕೂತರು.

"ಇದು ನನ್ ಕುಕ್ಕರಲ್ವಾ?"

ನಾವು ತಪ್ಪು ಮಾಡಿದವರ ಹಾಗೆ ಹೌದು ಎಂದೆವು. ಅವರು ಮತ್ತೊಮ್ಮೆ ಹಾಕಿಸಿ ಕೇಳಿದರು. "ಪರವಾಗಿಲ್ಲ, ಚೆನ್ನಾಗೇ ಕೂಗೈತೆ," ಎಂದರು. ಆಮೇಲೆ ಬಾಲ್ಕನಿಗೆ ಹೋಗಿ ಎದುರುಮನೆಯವರಿಗೆ, "ಹುಡುಗ್ರು ಕ್ಯಾಸೆಟ್ ಮಾಡವ್ರೆ. ನಂದೂ ಐತೆ ಅದ್ರಲ್ಲಿ," ಎಂದು ಕೂಗಿ ಹೇಳಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಮ್ಮ ಸಂಗೀತದ ಬಗ್ಗೆ ಬಂದ ಮಾತುಗಳಲ್ಲಿ ನನಗೆ ನಿಜವಾಗಿ ಸಂತೋಷ ಕೊಟ್ಟದ್ದೂ ಅದೊಂದೇ.

ಆ ದಿನ ನಾನು ಧೈರ್ಯ ಮಾಡಿ ಕೇಳಿದೆ. ನಮ್ಮಿಂದ ಇಷ್ಟು ಕಾಟ ಇದ್ದರೂ ಯಾಕೆ ಇಟ್ಟುಕೊಂಡಿದ್ದೀರಿ, ನಿಮ್ಮ ದೊಡ್ಡ ಮಗ ಯಾವುದೋ ಕೊರಿಯರ್‌ನವರಿಗೆ ಗೋಡೌನಿಗೆಂದು ಕೊಡೋಣ ಅಂತಿದ್ದರಂತಲ್ಲ ಎಂದು.

"ಗೋಡೌನ್‌ಗೆ ಕೊಟ್ರೆ ಡಬ್ಬಗಳು ಬಂದು ಕೂತ್ಕತವೆ," ಎಂದರು. "ಡಬ್ಬಕ್ಕೆ ಬೈಯಕಾಯ್ತದಾ?"

ನಾವು ಎದ್ದು ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು. "ನಾನು ಹೋದಾಗ ತಮಟೆ ಗಿಮಟೆ ಬೇಡ ಅಂತ ಮಕ್ಕಳಿಗೆ ಹೇಳಿದೀನಿ. ನಿಮಗೂ ಹೇಳ್ತಿದೀನಿ. ಬರೋದಾದ್ರೆ ಕೈ ಬೀಸ್ಕಂಡು ಬನ್ನಿ, ಏನೂ ಹೊತ್ಕಂಡು ಬರ್ಬೇಡಿ."

ಹೋದ ತಿಂಗಳು ಅವರು ಹೋದರು. ಎದೆನೋವು ಎಂದು ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಮುಗಿದಿತ್ತು. ನಾವು ನಾಲ್ವರೂ ಹೇಳಿದ ಹಾಗೆ ಬರಿಗೈಯಲ್ಲಿ ಹೋದೆವು. ರಸ್ತೆಯ ತಿರುವಿನಲ್ಲೇ ತಮಟೆ ಕೇಳಿಸಿತು. ಒಂದು ತಂಡವಲ್ಲ, ಎರಡು. ಒಬ್ಬೊಬ್ಬ ಮಗ ಒಂದೊಂದು ತಂಡವನ್ನು ಕರೆಸಿದ್ದ. ತಟಸ್ಥ ನೀತಿ ಕೊನೆಯವರೆಗೂ ನಡೆದಿತ್ತು. ಜೊತೆಗೆ ಸರಪಟಾಕಿ. ಹೂವಿನಿಂದ ಮುಚ್ಚಿದ ವಾಹನದಲ್ಲಿ ಅವರನ್ನು ಒರಗಿಸಿ ಕೂರಿಸಿದ್ದರು. ಬನಿಯನ್ನಿನ ಮನುಷ್ಯನಿಗೆ ರೇಷ್ಮೆ ಶಲ್ಯ ಹೊದಿಸಿ, ತಲೆಗೆ ಪೇಟ ಸುತ್ತಿದ್ದರು. ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ದೊಡ್ಡ ಮಗ ನನ್ನ ಪಕ್ಕದಲ್ಲೇ ನಡೆಯುತ್ತಿದ್ದ. "ತಮಟೆ ಬೇಡ ಅಂದಿದ್ರಲ್ಲ ಅಣ್ಣ," ಎಂದೆ.

"ಅಂದಿದ್ರು. ಜನ ಏನಂತಾರೆ ಹೇಳಿ? ಇಷ್ಟು ಆಸ್ತಿ ಮಾಡಿಟ್ಟವರನ್ನ ಸದ್ದಿಲ್ದೆ ಸಾಗಿಸಿದ್ರು ಅಂತಾರೆ." ಅವನು ಕಣ್ಣೊರೆಸಿಕೊಂಡ. ಅವನ ದುಃಖ ನಿಜವಾದದ್ದೇ ಆಗಿತ್ತು. ಆಮೇಲೆ ಹೇಳಿದ: "ನಿಮ್ಮ ವಿಷಯಕ್ಕೆ ನಮ್ಮಪ್ಪಂಗೂ ನಂಗೂ ಎಷ್ಟು ಜಗಳ ಗೊತ್ತಾ? ಬೀದಿಯವರೆಲ್ಲಾ ಕಂಪ್ಲೇಂಟು. ಬಂದವ್ರಿಗೆಲ್ಲಾ ಅದೇ ಮಾತು. 'ನಾನು ಹೇಳ್ತೀನಿ ಇರಿ, ಕಮ್ಮಿ ಮಾಡ್ತಾರೆ. ಮಾತು ಕೇಳೋ ಹುಡುಗ್ರು.' ಕೂಗು ಕೇಳಿಸ್ದೆ ಅನ್ನ ಕೆಡ್ತದೆ ಅಂತ ನಿಮಗೆ ಹೇಳ್ತಿದ್ದದ್ದು ಬರೀ ನೆಪ. ಅವ್ರು ಕೂಗು ಎಣಿಸ್ತಾನೇ ಇರ್ಲಿಲ್ಲ, ಕುಕ್ಕರ್ ಮುಂದೇನೇ ನಿಂತಿರೋರು." ಆಮೇಲೆ ದನಿ ಇಳಿಸಿ, "ತಿಂಗಳ ಕೊನೆಗೆ ರೂಮು ಖಾಲಿ ಮಾಡ್ಕೊಡಿ. ಗೋಡೌನ್‌ನವ್ರು ಕಾಯ್ತಾವ್ರೆ," ಎಂದ.

ಬೀದಿಯ ದೂರುಗಳನ್ನೆಲ್ಲ ಆ ಮನುಷ್ಯ ಮೆಟ್ಟಿಲ ಮೇಲೆ ಕೂತು ತಮ್ಮಲ್ಲೇ ಇಟ್ಟುಕೊಂಡು, ನಮ್ಮವರೆಗೆ ಬರೀ ಒಂದು ಅಂಗೈ ಮಾತ್ರ ಇಳಿಸುತ್ತಿದ್ದರು. ನಾವು ಅದನ್ನು ಪೀಡೆ ಅಂದುಕೊಂಡೆವು. ಆಮೇಲೆ ಅದನ್ನೇ ಕಲೆ ಅಂದುಕೊಂಡೆವು. ಇನ್ನು ಯಾವ ಬಡಾವಣೆಯಲ್ಲಿ ನಮಗೆ ರೂಮು ಸಿಗುತ್ತದೋ ಗೊತ್ತಿಲ್ಲ, ಸಿಕ್ಕರೂ ಹೀಗೆ ಬೈಯುವವರು ಸಿಗುವುದಿಲ್ಲ.

ಅಷ್ಟರಲ್ಲಿ ಎರಡು ತಂಡದವರಿಗೂ ಹುರುಪು ಬಂದು ವಾಹನದ ಎದುರೇ ನಿಂತು ಹೊಡೆಯತೊಡಗಿದರು. ಗಾಜು ಅದುರುತ್ತಿತ್ತು. ಪೇಟ ಜಾರಿ ಅವರ ಕಿವಿಯ ಮೇಲೆ ಬಂತು. ನನಗೆ ತಡೆಯಲಾಗಲಿಲ್ಲ. ಗುಂಪು ಸರಿಸಿಕೊಂಡು ಮುಂದೆ ಹೋಗಿ, ತಮಟೆಯವರ ಎದುರು ನಿಂತು, ಕೈ ಎತ್ತಿ, ಅಂಗೈಯಿಂದ ಗಾಳಿಯನ್ನು ಕೆಳಗೆ ಅದುಮಿದೆ. ಮತ್ತೆ ಅದುಮಿದೆ. ಮುಂದಿದ್ದವನು ನನ್ನ ಕೈ ಏಳುವುದನ್ನೂ ಇಳಿಯುವುದನ್ನೂ ನೋಡಿ ಖುಷಿಯಿಂದ ತಲೆಯಾಡಿಸಿದ. ಸತ್ತವರ ಹತ್ತಿರದವನು ಕುಣಿಯಲು ಬಂದಿದ್ದಾನೆ ಎಂದುಕೊಂಡು ಎರಡರಷ್ಟು ಜೋರಾಗಿ ಬಾರಿಸಿದ.

ಆ ಸನ್ನೆ ತಿಳಿಯುತ್ತಿದ್ದದ್ದು ಐದು ಜನರಿಗೆ ಮಾತ್ರ. ಒಬ್ಬರು ಹೂವಿನ ನಡುವೆ ಕೂತಿದ್ದರು. ನಾನು ಕೈ ಹಾಗೆಯೇ ಹಿಡಿದು ಹಿಂದೆ ತಿರುಗಿದೆ. ಬೇಸ್‌ನವನ ಹೆಗಲು ಹಿಡಿದುಕೊಂಡು ಪವನ ತನ್ನ ಮೊದಲ ಆಲ್ಬಮ್ಮಿನ ದನಿಯಲ್ಲಿ ಅಳುತ್ತಿದ್ದ. ನನ್ನ ಅಂಗೈ ನೋಡಿದ. ಕಮ್ಮಿ ಮಾಡಿದ.